ಮಾಲು ಕೊಳ್ಳೋ ಪಾರ್ಟಿ ಒಳ್ಳೇದು, ಆದ್ರೆ ಅವರ ದೇಶದಲ್ಲಿ ಡಾಲರ್ ಇಲ್ಲದೇ ಹೋದರೆ?

ವಾಶಿ_ಮಸಾಲಾ

ವಾಶಿ ಮಸಾಲಾ ಮಾರ್ಕೆಟಿನಿಂದ ಒಣಮೆಣಸಿನಕಾಯಿ ರಫ್ತಿಗೆ ಎರಡು ಕಡೆಯಿಂದ ಕೇಳಿದ್ದಾರೆ. ಒಂದು ಕೊಲಂಬೊ: ಬ್ಯಾಡಗಿ, 40 ಅಡಿ ಹೈಕ್ಯೂಬ್ ಕಂಟೇನರ್ ಒಂದು, 25 ಕಿಲೋದ 560 ಚೀಲ, ಅಂದ್ರೆ 14 ಟನ್. ಟನ್ನಿಗೆ 2,000 ಡಾಲರ್ ಹಿಡಿದರೆ 28,000 ಡಾಲರ್. ಅವರು ಕೇಳ್ತಿರೋದು 60 ದಿನದ ಡಿಎ, ಅಂದ್ರೆ ಬಿಲ್ಲಿಗೆ ಒಪ್ಪಿ ಸಹಿ ಹಾಕಿ ಮಾಲು ಬಿಡಿಸ್ಕೊಳ್ಳೋದು, ದುಡ್ಡು 60 ದಿನದ ಮೇಲೆ. ಇನ್ನೊಂದು ಢಾಕಾ: ಅಷ್ಟೇ ಮಾಲು, ಸೈಟ್ ಎಲ್‌ಸಿ, ಅಂದ್ರೆ ಕಾಗದ ಸರಿ ಇದ್ದರೆ ಕೂಡಲೇ ದುಡ್ಡು ಕೊಡ್ತೀನಿ ಅನ್ನೋ ಬ್ಯಾಂಕ್ ಖಾತ್ರಿ; ಅಲ್ಲಿನ ಖಾಸಗಿ ಬ್ಯಾಂಕಿನದು, ಕನ್ಫರ್ಮೇಶನ್ (ಇನ್ನೊಂದು ಬ್ಯಾಂಕಿನ ಹೆಚ್ಚುವರಿ ಖಾತ್ರಿ) ಇಲ್ಲ.

ಇಬ್ಬರ ಕ್ರೆಡಿಟ್ ರಿಪೋರ್ಟೂ ಚೆನ್ನಾಗಿದೆ, ಪಾರ್ಟಿ ಬಗ್ಗೆ ನನಗೆ ಅನುಮಾನ ಇಲ್ಲ. ಪಾರ್ಟಿ ದುಡ್ಡು ಕಟ್ಟಿದರೂ ಆ ದೇಶದಲ್ಲೇ ಡಾಲರ್ ಖಾಲಿ ಅಂದ್ರೆ ಏನು ಗತಿ? 2022ರಲ್ಲಿ ಶ್ರೀಲಂಕಾದಲ್ಲಿ ಡಾಲರ್ ಖಾಲಿಯಾದಂಥದ್ದು ಬರ್ತಿದೆ ಅಂತ ಮೊದಲೇ ತಿಳಿಯೋಕೆ ಏನು ನೋಡ್ಬೇಕು, ಕಾಗದದಲ್ಲಿ ಏನು ಬರೆಸ್ಕೋಬೇಕು?

ಫೋರ್ಟ್_ಫಾರೆಕ್ಸ್

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಇಲ್ಲೂ ಅಷ್ಟೇ. ಇಲ್ಲಿ ಪೂಜಾರಿ ಅಂದ್ರೆ ಆ ದೇಶದ ಕೇಂದ್ರ ಬ್ಯಾಂಕು.

ಮೊದಲು ವಿದೇಶಿ ವಿನಿಮಯ ಮೀಸಲನ್ನು ತಿಂಗಳ ಆಮದಿನಿಂದ ಭಾಗಿಸಿ. ಮೂರು ತಿಂಗಳಿಗಿಂತ ಕೆಳಗೆ ಬಂದರೆ ಸಾಲ ಕೊಡುವಾಗ ಯೋಚಿಸಬೇಕು. ಆದರೆ ತಲೆಬರಹದಲ್ಲಿ ಬರೋ ಅಂಕಿ ನಂಬಬೇಡಿ. 2022ರ ಮಾರ್ಚ್ ಕೊನೆಗೆ ಶ್ರೀಲಂಕಾ ತೋರಿಸಿದ್ದು ಸುಮಾರು 190 ಕೋಟಿ ಡಾಲರ್. ಒಂದು ತಿಂಗಳ ಆಮದು ಹೇಗೋ ನಡೆದೀತು ಅನ್ನಿಸ್ತಿತ್ತು. ಅದರಲ್ಲಿ ಸುಮಾರು 150 ಕೋಟಿ ಚೀನಾ ಕೇಂದ್ರ ಬ್ಯಾಂಕಿನ ಯುವಾನ್ ಸ್ವಾಪ್, ಅಂದ್ರೆ ಲಂಕಾ ರೂಪಾಯಿಗೆ ಬದಲಾಗಿ ತಾತ್ಕಾಲಿಕವಾಗಿ ಸಿಕ್ಕ ಯುವಾನ್. ಮೂರು ತಿಂಗಳ ಆಮದಿಗಾಗುವಷ್ಟು ಮೀಸಲು ಇದ್ದರೆ ಮಾತ್ರ ಅದನ್ನು ಮುಟ್ಟಬಹುದು ಅಂತ ಷರತ್ತು! ಹಸಿವಿಲ್ಲದವನಿಗೆ ಮಾತ್ರ ಊಟ ಅಂದ ಹಾಗೆ. ಏಪ್ರಿಲ್ 12ಕ್ಕೆ ವಿದೇಶಿ ಸಾಲ ಕಟ್ಟೋದನ್ನೇ ನಿಲ್ಲಿಸಿದರು.

ಬಾಂಗ್ಲಾದೇಶಕ್ಕೂ ಎರಡು ಲೆಕ್ಕ. ಐಎಂಎಫ್ ಷರತ್ತಿನ ಪ್ರಕಾರ 2023ರ ಜುಲೈಯಲ್ಲಿ ಹೊಸ ಪದ್ಧತಿಯ ಅಂಕಿ ಪ್ರಕಟಿಸಿದಾಗ ಹಳೇ ಲೆಕ್ಕದ 2,997 ಕೋಟಿ ಡಾಲರ್, ಹೊಸ ಲೆಕ್ಕದಲ್ಲಿ 2,357 ಕೋಟಿ ಆಯ್ತು. ರಫ್ತುದಾರರಿಗೆ ಸಾಲ ಕೊಡೋ ನಿಧಿಯಂಥ, ಕೈಗೆ ಸಿಗದ ದುಡ್ಡೂ ಹಳೇ ಲೆಕ್ಕದಲ್ಲಿ ಸೇರಿತ್ತು. ನೀವು ನೋಡಬೇಕಾದ್ದು ಚಿಕ್ಕ ಅಂಕಿ. ಅದನ್ನೂ ಏಷ್ಯನ್ ಕ್ಲಿಯರಿಂಗ್ ಯೂನಿಯನ್ (ಸದಸ್ಯ ದೇಶಗಳು ತಮ್ಮೊಳಗಿನ ವ್ಯಾಪಾರದ ಬಾಕಿ ಒಟ್ಟಿಗೆ ತೀರಿಸೋ ವ್ಯವಸ್ಥೆ) ಬಿಲ್ ಕಟ್ಟಿದ ಮೇಲೇ ನೋಡಿ. ಆ ಬಿಲ್ ಎರಡು ತಿಂಗಳಿಗೊಮ್ಮೆ, ಜನವರಿ, ಮಾರ್ಚ್, ಮೇ ಹೀಗೆ ತಿಂಗಳ ಶುರುವಿನಲ್ಲಿ ಬರುತ್ತೆ. ಒಂದೇ ಏಟಿಗೆ ನೂರು ಕೋಟಿ ಡಾಲರಿಗೂ ಹೆಚ್ಚು ಇಳಿಯೋದು ಮಾಮೂಲಿ.

ಅಂಕಿಗಿಂತ ಮೊದಲೇ ಸುದ್ದಿ ಕೊಡೋದು ಸುತ್ತೋಲೆಗಳು. ಶ್ರೀಲಂಕಾ 2021ರ ಸೆಪ್ಟೆಂಬರಿನಲ್ಲೇ ಅನಗತ್ಯ ಅಂತ ಪಟ್ಟಿ ಮಾಡಿದ ಮಾಲುಗಳ ಎಲ್‌ಸಿಗೆ ಶೇ. 100 ನಗದು ಮಾರ್ಜಿನ್ ಹಾಕಿತು, ಅಂದ್ರೆ ಆಮದುದಾರ ಪೂರ್ತಿ ದುಡ್ಡು ಮೊದಲೇ ಬ್ಯಾಂಕಿನಲ್ಲಿ ಇಡಬೇಕು. 2022ರ ಮಾರ್ಚಿನಲ್ಲಿ 367 ಬಾಬತ್ತುಗಳಿಗೆ ಆಮದು ಪರವಾನಗಿ ಬೇಕು ಅಂದಿತು. ಏಪ್ರಿಲ್‌ನಲ್ಲಿ ಕೈ ಎತ್ತಿತು. ಮಾರ್ಜಿನ್ ಸುತ್ತೋಲೆಯಿಂದ ಕುಸಿತಕ್ಕೆ ಏಳು ತಿಂಗಳು. ಎಚ್ಚರ ಆಗೋಕೆ ಅಷ್ಟು ಸಾಕು. ಈಜಿಪ್ಟ್ 2022ರ ಫೆಬ್ರವರಿಯಲ್ಲಿ ಕಲೆಕ್ಷನ್ ಬಿಲ್ಲು (ಖಾತ್ರಿ ಇಲ್ಲದೆ ಬ್ಯಾಂಕ್ ಮೂಲಕ ಬರೀ ವಸೂಲಿ) ಬೇಡ, ಎಲ್‌ಸಿಯೇ ಬೇಕು ಅಂತ ಮಾಡಿದ್ದೂ ಡಾಲರ್ ತಡೆಹಿಡಿಯೋಕೇ. ಬಂದರುಗಳಲ್ಲಿ ಮಾಲು ರಾಶಿ ಬಿತ್ತು, ವರ್ಷದ ಕೊನೆಗೆ ನಿಯಮ ವಾಪಸ್ ತಗೊಂಡರು.

ನಿಮ್ಮ ಮೆಣಸು ಯಾವ ಪಟ್ಟಿಗೆ ಬೀಳುತ್ತೆ ಅನ್ನೋದನ್ನೂ ನೋಡಿ. ಡಾಲರ್ ಬಿಗಿಯಾದಾಗ ಇಂಧನ, ಔಷಧಿ ಮೊದಲು, ಆಮೇಲೆ ಅಕ್ಕಿ, ಬೇಳೆ. ಮಸಾಲೆ ಸರದಿಯಲ್ಲಿ ಎಲ್ಲೋ ಹಿಂದೆ.

ಉರಣ_ಕ್ಲಿಯರಿಂಗ್

ಮೇಲೆ ಹೇಳಿದ್ದು ಸರಿಯೇ. ನಾನು ಕಾಗದದ ಮಾತು ಹೇಳ್ತೇನೆ. ದುಡ್ಡು ಅಲ್ಲಿ ಸಿಕ್ಕಿಬೀಳುವ ಮೊದಲು ಇಲ್ಲೇ ಡಿಸ್ಕ್ರಿಪೆನ್ಸಿಯಲ್ಲಿ (ಎಲ್‌ಸಿಗೆ ಹೊಂದದ ಕಾಗದದ ತಪ್ಪಿನಲ್ಲಿ) ಸಿಕ್ಕಿಬೀಳುವುದೇ ಜಾಸ್ತಿ ಮಾರಾಯ್ರೇ. ಡಾಲರ್ ಇಲ್ಲದ ಬ್ಯಾಂಕಿಗೆ ನಿಮ್ಮ ಒಂದು ಅಕ್ಷರದ ತಪ್ಪು ಹಬ್ಬ ಇದ್ದ ಹಾಗೆ.

ಢಾಕಾ ಎಲ್‌ಸಿಯ ಸ್ವಿಫ್ಟ್ ಪ್ರತಿ (ಬ್ಯಾಂಕಿನಿಂದ ಬ್ಯಾಂಕಿಗೆ ಬರುವ ಸಂದೇಶ) ತೆಗೆಸಿ. ಫೀಲ್ಡ್ 49ರಲ್ಲಿ ‘ವಿತೌಟ್’ ಇದ್ದರೆ ‘ಕನ್ಫರ್ಮ್’ ಅಥವಾ ಕಡೇಪಕ್ಷ ‘ಮೇ ಆಡ್’ ಮಾಡಿಸಿ. ಫೀಲ್ಡ್ 31ಡಿಯಲ್ಲಿ ಅವಧಿ ಮುಗಿಯುವ ಜಾಗ ಇಂಡಿಯಾ ಇರಬೇಕು. ಬಾಂಗ್ಲಾದೇಶ ಅಂತಿದ್ದರೆ ಕೊರಿಯರ್ ತಡವಾದದ್ದೂ ನಿಮ್ಮ ತಲೆಗೇ. 47ಎಯಲ್ಲಿ ‘ಅಪ್ಲಿಕಂಟ್ ಸಹಿ ಮಾಡಿದ ಇನ್ಸ್‌ಪೆಕ್ಷನ್ ಸರ್ಟಿಫಿಕೇಟ್’ ಅಂತ ಬರೆದಿದ್ದರೆ ತೆಗೆಸದೆ ಮಾಲು ತುಂಬಬೇಡಿ, ಅಪ್ಲಿಕಂಟ್ ಅಂದರೆ ಖರೀದಿದಾರ, ಅವರು ಸಹಿ ಹಾಕದಿದ್ದರೆ ಎಲ್‌ಸಿ ಬರೀ ಕಾಗದ.

ಇನ್ನೊಂದು. ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600ರ 30ನೇ ವಿಧಿಯಲ್ಲಿ ಪ್ರಮಾಣ ಶೇ. 5 ಹೆಚ್ಚು ಕಡಿಮೆ ಆದರೆ ನಡೆಯುತ್ತದೆ, ಒಟ್ಟು ಮೊತ್ತ ಎಲ್‌ಸಿ ಮೀರಬಾರದು ಅಷ್ಟೇ. ಆದರೆ ಎಲ್‌ಸಿಯಲ್ಲಿ ‘560 ಚೀಲ’ ಅಂತ ಎಣಿಕೆ ಬರೆದರೆ ಆ ರಿಯಾಯಿತಿ ಇಲ್ಲ. ಲೋಡಿಂಗಿನಲ್ಲಿ ಎರಡು ಚೀಲ ಹರಿದು 558 ಹೋದರೂ ಡಿಸ್ಕ್ರಿಪೆನ್ಸಿ. ‘14 ಮೆಟ್ರಿಕ್ ಟನ್’ ಅಂತ ಮಾತ್ರ ಬರೆಸಿ. ಬ್ಯಾಡಗಿಯ ಇಂಗ್ಲಿಷ್ ಸ್ಪೆಲ್ಲಿಂಗ್ ಒಬ್ಬೊಬ್ಬರದು ಒಂದೊಂದು, ಎಲ್‌ಸಿಯಲ್ಲಿ ಹೇಗಿದೆಯೋ ಇನ್‌ವಾಯ್ಸಿನಲ್ಲೂ ಹಾಗೇ ಹಾಕಿ. ಹಡಗು ಹೊರಟ 21 ದಿನದೊಳಗೆ ಕಾಗದ ಬ್ಯಾಂಕಿಗೆ, ಎಲ್‌ಸಿಯಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅಷ್ಟರೊಳಗೆ.

ಕೊಲಂಬೊಗೆ ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಮಾಲಿನ ರಸೀದಿ) ಖರೀದಿದಾರನ ಹೆಸರಿಗೆ ನೇರ ಮಾಡಿಸಲೇಬೇಡಿ, ‘ಟು ಆರ್ಡರ್’ (ಹಿಂಬರಹ ಮಾಡಿ ಕೊಟ್ಟವರಿಗೆ ಮಾಲು) ಇರಲಿ. ಹೆಸರು ಅವನದ್ದಾದರೆ ಮಾಲು ವಾಪಸ್ ತರಲಿಕ್ಕೂ ಅವನ ಎನ್‌ಒಸಿ ಕೇಳುತ್ತಾರೆ. ಬುಕಿಂಗ್ ಮಾಡುವಾಗಲೇ 14 ಫ್ರೀ ಡೇಸ್ (ಕಂಟೇನರಿಗೆ ಬಾಡಿಗೆ ಇಲ್ಲದ ದಿನ) ಕೇಳಿ. 2022ರಲ್ಲಿ ಡಾಲರ್ ಇಲ್ಲದೆ ಕೊಲಂಬೊದಲ್ಲಿ ಕಂಟೇನರ್ ನಿಂತಾಗ ಹಡಗು ಕಂಪನಿಯ ಡಿಟೆನ್ಶನ್ (ಕಂಟೇನರ್ ಬಾಡಿಗೆ) ಬೇರೆ, ಬಂದರಿನ ಡೆಮರೇಜ್ (ಜಾಗದ ಬಾಡಿಗೆ) ಬೇರೆ, ಎರಡೂ ಏರುತ್ತಾ ಹೋಯಿತು. ಒಳಗೆ ಮೆಣಸು ಬೆವರಿ ಬೂಸ್ಟು ಹಿಡಿದರೆ ಅಫ್ಲಾಟಾಕ್ಸಿನ್ ಅನ್ನುವ ವಿಷ ಬೇರೆ. ತೇವ ಶೇ. 11 ದಾಟದ ಮಾಲೇ ತುಂಬಿ, ಗೋಡೆಗೆ ಕ್ರಾಫ್ಟ್ ಪೇಪರ್, ಮೇಲೆ ತೇವ ಹೀರುವ ಡೆಸಿಕಂಟ್ ಕಟ್ಟಿ.

ಮಾಟುಂಗಾ_ಲೆಕ್ಕ

ಇಷ್ಟೆಲ್ಲ ಯಾಕೆ? ರೂಪಾಯಿಯಲ್ಲೇ ಇನ್‌ವಾಯ್ಸ್ ಮಾಡಿ. 2022ರ ಜುಲೈ 11ರ ಆರ್‌ಬಿಐ ಸುತ್ತೋಲೆ ಪ್ರಕಾರ ವೋಸ್ಟ್ರೋ ಖಾತೆ (ಅವರ ಬ್ಯಾಂಕು ಇಲ್ಲಿನ ಬ್ಯಾಂಕಿನಲ್ಲಿ ಇಡೋ ರೂಪಾಯಿ ಖಾತೆ) ಮೂಲಕ ಆಗುತ್ತೆ. ಡಾಲರ್ ತಂಟೆಯೇ ಇಲ್ಲ.

ಫೋರ್ಟ್_ಫಾರೆಕ್ಸ್

ಡಾಲರ್ ತಂಟೆ ಹೋಗಿ ರೂಪಾಯಿ ತಂಟೆ ಬರುತ್ತೆ ಸರ್. ಅವರ ಬ್ಯಾಂಕಿನ ವೋಸ್ಟ್ರೋ ಖಾತೆಗೆ ರೂಪಾಯಿ ಎಲ್ಲಿಂದ ಬರಬೇಕು? ಅವರು ನಮಗೆ ಮಾರಿದ್ದರಿಂದ, ಇಲ್ಲಾ ನಾವು ಕೊಟ್ಟ ಸಾಲದಿಂದ. ನಾವು ಮಾರೋದೇ ಹೆಚ್ಚು, ಕೊಳ್ಳೋದು ಕಡಿಮೆ, ಹಾಗಾಗಿ ಖಾತೆ ಬೇಗ ಬರಿದಾಗುತ್ತೆ. ಖಾತೆಯಲ್ಲಿ ಹಣ ಇದೆ ಅಂತ ಇಲ್ಲಿನ ಬ್ಯಾಂಕ್ ಹೇಳಿದರೆ ಧಾರಾಳವಾಗಿ ಮಾಡಿ. ಆಗಲೂ ರೂಪಾಯಿ ಎಲ್‌ಸಿ ಕೇಳಿ, ಡಿಎ ಬೇಡ.

ವಾಶಿ_ಮಸಾಲಾ

ಕೊಲಂಬೊ ಡಿಎಗೆ ಇಸಿಜಿಸಿ (ಸರ್ಕಾರದ ರಫ್ತು ಸಾಲ ವಿಮಾ ಕಂಪನಿ) ಪಾಲಿಸಿ ತಗೊಂಡರೆ ಸಾಕಾಗಲ್ವಾ?

ಫೋರ್ಟ್_ಫಾರೆಕ್ಸ್

ತಗೊಳ್ಳಿ, ಆದರೆ ಬಾಯಲ್ಲಿ ಹೇಳಿದ ಹಾಗೆ ಸುಲಭ ಅಲ್ಲ. ಇಸಿಜಿಸಿ ಕೊಡೋ ದೇಶದ ಅಪಾಯದ ದರ್ಜೆ ಎ1ರಿಂದ ಡಿವರೆಗೆ ಏಳು ಇವೆ, ಮೊದಲು ಅದು ನೋಡಿ. ಪ್ರತಿ ತಿಂಗಳು ಕಳಿಸಿದ ಮಾಲಿನ ಘೋಷಣೆ ಮುಂದಿನ ತಿಂಗಳ 15ರೊಳಗೆ. ಗಡುವು ದಾಟಿ 30 ದಿನವಾದ ಬಿಲ್ಲನ್ನೂ ವರದಿ ಮಾಡಬೇಕು. ಇದು ಮರೆತೇ ಬಹಳ ಕ್ಲೇಮು ಬೀಳೋದು.

ಡಾಲರ್ ಕೊರತೆಯ ಕ್ಲೇಮಿಗೆ ಖರೀದಿದಾರ ತನ್ನ ದೇಶದ ದುಡ್ಡನ್ನು ಬ್ಯಾಂಕಿಗೆ ಕಟ್ಟಿದ್ದಕ್ಕೆ ಪುರಾವೆ ಬೇಕು. ಇಲ್ಲದಿದ್ದರೆ ಅದು ಪಾರ್ಟಿ ಕೈಕೊಟ್ಟ ಲೆಕ್ಕಕ್ಕೆ ಹೋಗುತ್ತೆ. ಕಟ್ಟಿದ ಮೇಲೂ ತನ್ನ ದೇಶದ ದುಡ್ಡಿನ ಬೆಲೆ ಬಿದ್ದರೆ ವ್ಯತ್ಯಾಸ ತಾನೇ ತುಂಬ್ತೀನಿ ಅಂತ ಲಿಖಿತ ಒಪ್ಪಿಗೆ ಮೊದಲೇ ತಗೊಳ್ಳಿ. ನಿಮ್ಮ 28,000 ಡಾಲರ್ 2022ರ ಮಾರ್ಚ್ ಶುರುವಿನಲ್ಲಿ, ದರ ಸುಮಾರು 200 ಇದ್ದಾಗ, 56 ಲಕ್ಷ ಲಂಕಾ ರೂಪಾಯಿ. ಮೇ ತಿಂಗಳಿಗೆ ದರ ಸುಮಾರು 360. ಅದೇ ಬಿಲ್ಲಿಗೆ ಒಂದು ಕೋಟಿ ಎಂಬತ್ತು ಸಾವಿರ ಬೇಕಾಯ್ತು. ಮಧ್ಯದ 44 ಲಕ್ಷ ಚಿಲ್ಲರೆ ಯಾರದು ಅಂತ ಬರೆದಿರದಿದ್ದರೆ ಜಗಳ ಗ್ಯಾರಂಟಿ.

ನನ್ನ ಅಭಿಪ್ರಾಯ: 2024ರ ಡಿಸೆಂಬರಿನಲ್ಲಿ ವಿದೇಶಿ ಸಾಲದ ಬಾಂಡುಗಳ ಪುನರ್ರಚನೆ ಆದ ಮೇಲೆ ಶ್ರೀಲಂಕಾ ಪರಿಸ್ಥಿತಿ 2022ರದ್ದಲ್ಲ, ಆದರೂ ಹೊಸ ಪಾರ್ಟಿಗೆ 60 ದಿನ ಡಿಎ ಬೇಡ. ಶೇ. 30 ಮುಂಗಡ, ಉಳಿದದ್ದು ಡಿಪಿ, ಅಂದ್ರೆ ದುಡ್ಡು ಕಟ್ಟಿದ ಮೇಲೇ ಅವರಿಗೆ ಕಾಗದ. ಆಮೇಲೆ ಮಾಲು ಸಿಕ್ಕಿಬಿದ್ದರೂ ವಾಪಸ್ ತರೋ ಖರ್ಚು ಮುಂಗಡದಲ್ಲಿ ಹೋಗುತ್ತೆ. ಢಾಕಾ ಎಲ್‌ಸಿಗೆ ಮುಂಬೈಯ ಎರಡು ಮೂರು ಬ್ಯಾಂಕಿನಲ್ಲಿ ಕನ್ಫರ್ಮೇಶನ್ ದರ ಕೇಳಿ. ದರ ಕೊಟ್ಟರೆ ಬೆಲೆಗೆ ಸೇರಿಸಿ. ಯಾರೂ ದರವೇ ಹೇಳದಿದ್ದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅದೇ.

ಉರಣ_ಕ್ಲಿಯರಿಂಗ್

ರಫ್ತಿನ ಹಣ ತರಿಸಲು ಮೊದಲು 9 ತಿಂಗಳ ಗಡುವಿತ್ತು, 2025ರ ನವೆಂಬರಿನಲ್ಲಿ 15 ಮಾಡಿದರು. ಆ ಧೈರ್ಯದ ಮೇಲೆ ಡಿಎ ಕೊಡಬೇಡಿ. ಆರ್‌ಬಿಐ 15 ತಿಂಗಳು ಕಾಯುತ್ತದೆ, ಬ್ಯಾಡಗಿಯ ಬಣ್ಣ ಕಾಯುವುದಿಲ್ಲ.