ಹಿತ್ತಿಲಂಗಳದಲ್ಲಿ ನಿಲ್ಲುವ ಮಳೆನೀರು

ಪ್ರಶ್ನೆ, ತೀರ್ಥಹಳ್ಳಿಯಿಂದ:
ಮಾನ್ಯರೇ, ನಮ್ಮ ಮನೆಯ ಹಿಂದೆ ಎತ್ತರದ ಧರೆಯಿದ್ದು (ಗುಡ್ಡದ ಕಡಿದಾದ ಮಣ್ಣಿನ ಬದಿ), ಆರಿದ್ರಾ ಮಳೆ ಹಿಡಿದ ಮೇಲೆ ಹಿತ್ತಿಲಿನಲ್ಲಿ ಪಾದ ಮುಳುಗುವಷ್ಟು ನೀರು ನಿಂತು ಗೋಡೆಯ ಬುಡಕ್ಕೆ ಪಾಚಿ ಕಟ್ಟುತ್ತಿದೆ. ಮಣ್ಣು ತುಂಬಿ ಅಂಗಳವನ್ನು ಎತ್ತರಿಸಿದರೆ ಸಾಕೇ?

ಉತ್ತರ, ಸಾಗರದಿಂದ:
ಸಾಲದು. ತುಂಬಿದ ಮಣ್ಣು ತಳಪಾಯದ ಮಟ್ಟವನ್ನು ಮೀರಿದರೆ ತೇವವು ನೇರವಾಗಿ ಗೋಡೆಗೆ ಏರುತ್ತದೆ. ಮಳೆ ಬಿಟ್ಟು ಎರಡು ದಿನವಾದರೂ ಧರೆಯ ಬುಡ ಜಿನುಗುತ್ತಿದ್ದರೆ ಅದು ಒಳಗಿನ ಒರತೆಯ ನೀರು. ಆಗ ಮನೆಗೂ ಧರೆಗೂ ನಡುವೆ, ಅಡಿಕೆ ತೋಟದ ಬಸಿಗಾಲುವೆಯಂತೆಯೇ, ಸುಮಾರು 2 ಅಡಿ ಆಳದ ಕಾಲುವೆ ತೋಡಿ, ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ತೂತು ಕೊರೆದ 4 ಇಂಚಿನ ಪಿವಿಸಿ ಪೈಪನ್ನು ತೂತುಗಳು ಕೆಳಮುಖವಾಗುವಂತೆ ಇರಿಸಿ, ಜಲ್ಲಿ ತುಂಬಿ ಬಟ್ಟೆಯನ್ನು ಮೇಲೆ ಮಡಚಬೇಕು. ಇಳಿಜಾರು 10 ಅಡಿಗೆ ಒಂದೂಕಾಲು ಇಂಚಾದರೂ ಇರಲಿ. ಬಟ್ಟೆಯ ಖರ್ಚನ್ನು ಉಳಿಸಲು ಹೋಗಬೇಡಿ. ನಮ್ಮ ಕೆಮ್ಮಣ್ಣು ಜಲ್ಲಿಯ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತದೆ.

ಉತ್ತರ, ಹೊಸನಗರದಿಂದ:
ಕಾಲುವೆಗಾಗಿ ಧರೆಯ ಬುಡವನ್ನು ಮಾತ್ರ ಕಡಿಯಬೇಡಿ. ಧರೆಯ ಮೇಲೆ ಇಂಗುಗುಂಡಿಯೂ ಬೇಡ, ಏಕೆಂದರೆ ನೆನೆದ ಮಣ್ಣು ಭಾರವಾಗಿ ಜರಿಯುತ್ತದೆ. ಸೂರಿನ ನೀರನ್ನು ಅದರ ಅಂಚಿಗೆ ದೋಣಿ (ನೀರು ಹಿಡಿಯುವ ಅರೆಕೊಳವೆ) ಕಟ್ಟಿ ಬೇರೆಯೇ ಪೈಪಿನಲ್ಲಿ ಹೊರಗೆ ಬಿಡಿ. ಕೆಲಸವನ್ನು ಮಾರ್ಚ್–ಏಪ್ರಿಲ್‌ನಲ್ಲಿ ಮುಗಿಸುವುದು ಲೇಸು.