ಅಡಿಕೆ ಡ್ರೈಯರ್: ಸರ್ವೋ ಸೇರಿಸಿದ ಮೇಲೆ 9ನೇ ಪಿನ್‌ನಲ್ಲಿ ಪಿಡಬ್ಲ್ಯೂಎಂ ಬರ್ತಿಲ್ಲ

ಪ್ರಶ್ನೆ (ತೀರ್ಥಹಳ್ಳಿಯಿಂದ)

ಬೇಯಿಸಿದ ಅಡಿಕೆ ಒಣಗಿಸುವ ಸಣ್ಣ ಡ್ರೈಯರ್‌ಗೆ ಅರ್ಡುನೊ ಯುನೊ ಎಂಬ ಸಣ್ಣ ನಿಯಂತ್ರಕ ಬೋರ್ಡ್ ಹಾಕಿದ್ದೇನೆ. 12 ವೋಲ್ಟ್, 2 ಆಂಪಿಯರ್, ಎರಡು ವೈರಿನ ಬ್ಲೋವರ್ 9ನೇ ಪಿನ್‌ನಿಂದ ಐಆರ್‌ಎಫ್‌ಝಡ್44ಎನ್ ಮಾಸ್ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಮೂಲಕ ಓಡುತ್ತದೆ. ಉಗಿ ಹೋಗುವ ಕಿಂಡಿಯ ಮುಚ್ಚಳಕ್ಕೆ 7ನೇ ಪಿನ್‌ನಲ್ಲಿ ಎಸ್‌ಜಿ90 ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟಾರ್). ಬಿಸಿ ಮಿತಿ ಮೀರಿದರೆ ಕೂಗಲು 4ರಲ್ಲಿ ಬಜರ್, ಟೋನ್ ಫಂಕ್ಷನ್‌ನಿಂದ. ಸರ್ವೋ ಇಲ್ಲದಾಗ ಪಿಡಬ್ಲ್ಯೂಎಂನಿಂದ (ಪಿನ್ನನ್ನು ಬೇಗ ಬೇಗ ಆನ್-ಆಫ್ ಮಾಡಿ ಸರಾಸರಿ ವೋಲ್ಟ್ ಬದಲಿಸುವುದು) ವೇಗ ಸರಿಯಾಗಿ ಬದಲಾಗುತ್ತಿತ್ತು. ಈಗ ಅನಲಾಗ್‌ರೈಟ್‌ಗೆ (0ರಿಂದ 255ರವರೆಗೆ ಪಿಡಬ್ಲ್ಯೂಎಂ ಬೆಲೆ ಕೊಡುವ ಆಜ್ಞೆ) 255 ಕೊಟ್ಟರೆ ಪೂರ್ತಿ ಓಡುತ್ತದೆ, 254ಕ್ಕೆ ಇಳಿಸಿದರೂ ನಿಂತೇ ಹೋಗುತ್ತದೆ. ಸರ್ವೋ ನಡುಗುತ್ತದೆ. ಮಾಸ್ಫೆಟ್ ಬೇರೆ ಕೈ ಇಡಲಾಗದಷ್ಟು ಬಿಸಿ. ಪಿನ್ ಸುಟ್ಟಿದೆಯಾ?

ಉತ್ತರ 1 (ಸಾಗರ)

ಸುಟ್ಟಿಲ್ಲ ಮಾರಾಯ್ರೆ. ಸುಟ್ಟ ಪಿನ್ 255ಕ್ಕೆ ಮಾತ್ರ ನಿಯತ್ತಾಗಿ ಇರುವುದಿಲ್ಲ.

ಯುನೊದಲ್ಲಿ ಪಿಡಬ್ಲ್ಯೂಎಂ ಇರುವ ಆರು ಪಿನ್‌ಗಳನ್ನು ಮೂರು ಟೈಮರ್‌ಗಳು (ಚಿಪ್ಪಿನೊಳಗಿನ ಎಣಿಕೆ ಗಡಿಯಾರಗಳು) ಜೋಡಿ ಜೋಡಿಯಾಗಿ ನಡೆಸುತ್ತವೆ: ಟೈಮರ್ 0ಕ್ಕೆ 5 ಮತ್ತು 6, ಟೈಮರ್ 1ಕ್ಕೆ 9 ಮತ್ತು 10, ಟೈಮರ್ 2ಕ್ಕೆ 3 ಮತ್ತು 11. ಸರ್ವೋ ವೈರನ್ನು ನೀವು ಎಲ್ಲಿಗೇ ಸಿಕ್ಕಿಸಿ, ಸರ್ವೋ ಲೈಬ್ರರಿ ಟೈಮರ್ 1 ಅನ್ನೇ ಹಿಡಿದುಕೊಳ್ಳುತ್ತದೆ. ಆಗ 9 ಮತ್ತು 10 ಹೋದವು ಅಂತಲೇ ಲೆಕ್ಕ.

255ಕ್ಕೆ ಯಾಕೆ ಓಡುತ್ತದೆ? 0 ಮತ್ತು 255 ಬಂದಾಗ ಅನಲಾಗ್‌ರೈಟ್ ಟೈಮರ್ ಗೊಡವೆಗೇ ಹೋಗದೆ ಡಿಜಿಟಲ್‌ರೈಟ್ ಮಾಡುತ್ತದೆ, ಅಂದರೆ ಪಿನ್ನನ್ನು ಪೂರ್ತಿ ಆಫ್ ಇಲ್ಲವೇ ಪೂರ್ತಿ ಆನ್. ನಡುವಿನ ಬೆಲೆ ಬಂದರೆ ಪಿನ್ನನ್ನು ಟೈಮರ್‌ಗೆ ಒಪ್ಪಿಸುತ್ತದೆ. ಸರ್ವೋಗಾಗಿ ಸಾದಾ ಎಣಿಕೆಯ ಮೋಡ್‌ನಲ್ಲಿರುವ ಟೈಮರ್ ಅದನ್ನು ಒಮ್ಮೆ ಕೆಳಗೆಳೆದು ಹಾಗೇ ಬಿಡುತ್ತದೆ, ಮತ್ತೆ ಮೇಲೇಳಿಸುವುದಿಲ್ಲ. ನಡುಕದ ಮೂಲವೂ ಅಲ್ಲೇ. ನಿಮ್ಮ ಅನಲಾಗ್‌ರೈಟ್ ಬರೆಯುವ ಓಸಿಆರ್1ಎ ರಿಜಿಸ್ಟರಿನಲ್ಲೇ (ಚಿಪ್ಪಿನೊಳಗಿನ ಪುಟ್ಟ ನೆನಪಿನ ಗೂಡು) ಸರ್ವೋ ತನ್ನ ಮುಂದಿನ ಪಲ್ಸ್‌ನ ಸಮಯ ಇಟ್ಟುಕೊಂಡಿರುತ್ತದೆ.

3ಕ್ಕೆ ಅಥವಾ 11ಕ್ಕೆ ಬದಲಾಯಿಸಬೇಡಿ, ಟೋನ್ ಫಂಕ್ಷನ್ ಟೈಮರ್ 2 ಬಳಸುತ್ತದೆ. ಬಜರ್ ಕೂಗಿದಾಗಲೇ ಫ್ಯಾನ್ ಕೆಟ್ಟರೆ ಅಡಿಕೆ ಗತಿ ಏನು? 6ನೇ ಪಿನ್ನಿಗೆ ಹಾಕಿ. ಅಲ್ಲಿ ಆವರ್ತನ 490ರ ಬದಲು ಸುಮಾರು 977 ಹರ್ಟ್ಸ್, ಅಷ್ಟೇ ವ್ಯತ್ಯಾಸ.

ಮೊದಲು ಮಾಸ್ಫೆಟ್ ಬಿಚ್ಚಿ, ಬರೀ ಪಿನ್ನಿಗೂ ಗ್ರೌಂಡಿಗೂ ನಡುವೆ ಮಲ್ಟಿಮೀಟರ್ ಡಿಸಿ ವೋಲ್ಟ್‌ನಲ್ಲಿಟ್ಟು ನೋಡಿ. 64ಕ್ಕೆ ಸುಮಾರು 1.25, 128ಕ್ಕೆ 2.5, 192ಕ್ಕೆ 3.75 ವೋಲ್ಟ್ ಬರಬೇಕು. ಯುಎಸ್‌ಬಿಯಲ್ಲಿ ಸ್ವಲ್ಪ ಕಡಿಮೆ ತೋರಿಸಿದರೆ ಗಾಬರಿ ಬೇಡ.

ಉತ್ತರ 2 (ಶಿವಮೊಗ್ಗ)

ಮೇಲಿನದೆಲ್ಲ ಸರಿ. ಮಾಸ್ಫೆಟ್ ಬಿಸಿಯಾಗುವುದು ಬೇರೆ ರೋಗ. ಐಆರ್‌ಎಫ್‌ಝಡ್44ಎನ್ ಪೂರ್ತಿ ತೆರೆಯಲು ಗೇಟಿಗೆ (ಅದನ್ನು ತೆರೆದು ಮುಚ್ಚುವ ಕಾಲಿಗೆ) 10 ವೋಲ್ಟ್ ಬೇಕು, ಯುನೊ ಕೊಡುವುದು 5. ಅರ್ಧ ತೆರೆದು ತಾನೇ ಹೀಟರ್ ಆಗುತ್ತದೆ. ಐಆರ್‌ಎಲ್‌ಝಡ್44ಎನ್ ತನ್ನಿ, 5 ವೋಲ್ಟ್‌ಗೇ ಅದರ ತಡೆ 25 ಮಿಲಿಓಮ್, 2 ಆಂಪಿಯರ್‌ಗೆ 0.1 ವ್ಯಾಟ್ ಮಾತ್ರ. ಅಂಗಡಿಯಲ್ಲಿ ಹೆಸರಿನ ಮೂರನೇ ಅಕ್ಷರ ಓದಿಯೇ ದುಡ್ಡು ಕೊಡಿ.

ಪಿನ್‌ನಿಂದ ಗೇಟಿಗೆ 220 ಓಮ್ ರೆಸಿಸ್ಟರ್. ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್, ಇದನ್ನು ಬಿಡಲೇಬೇಡಿ. ಬೋರ್ಡ್ ರೀಸೆಟ್ ಆಗುವಾಗ ಪಿನ್ ಇನ್‌ಪುಟ್ ಆಗಿ ಗೇಟ್ ಅಂತರದಲ್ಲಿ ತೇಲುತ್ತದೆ, ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗಿ ಬರುತ್ತದೆ ಅಂತ ಹೇಳಬೇಕಿಲ್ಲ. ಬ್ಲೋವರ್‌ಗೆ ಅಡ್ಡಲಾಗಿ 1ಎನ್5822 ಡಯೋಡ್, ಪಟ್ಟಿ ಇರುವ ತುದಿ 12 ವೋಲ್ಟ್ ಕಡೆಗೆ. ಸರ್ವೋಗೆ ಬೇರೆ 5 ವೋಲ್ಟ್ ಅಡಾಪ್ಟರ್ ಕೊಡಿ, ಗ್ರೌಂಡ್ ಎಲ್ಲ ಒಂದಕ್ಕೊಂದು ಸೇರಲಿ. ಬ್ರೆಡ್‌ಬೋರ್ಡ್ ಆ ಉಗಿಯ ಹತ್ತಿರ ಬೇಡ, ಕ್ಲಿಪ್ಪುಗಳಿಗೆ ಕಿಲುಬು ಹಿಡಿಯುತ್ತದೆ. ಬೆಸುಗೆ ಹಾಕಿದ ಬೋರ್ಡನ್ನು ಡಬ್ಬಿಯಲ್ಲಿಟ್ಟು ಗೋಡೆಯಾಚೆ ಇಡಿ.

ಪ್ರಶ್ನೆ ಕೇಳಿದವರು

6ಕ್ಕೆ ಹಾಕಿದೆ, 128ಕ್ಕೆ 2.4 ವೋಲ್ಟ್ ಬಂತು, ಸರ್ವೋ ತೆಪ್ಪಗಿದೆ. ಹೊಸ ಮಾಸ್ಫೆಟ್ ಬಿಸಿಯಾಗುತ್ತಿಲ್ಲ. ಆದರೆ 90ರ ಕೆಳಗೆ ಬ್ಲೋವರ್ ಹೊರಡದೆ ಕುಂಯ್‌ಗುಡುತ್ತದೆ. ಆವರ್ತನ ಏರಿಸಬಹುದಾ?

ಉತ್ತರ 3 (ಸಾಗರ)

6ರಲ್ಲಿ ಬೇಡ. ಟೈಮರ್ 0 ಮುಟ್ಟಿದರೆ ಸಮಯ ಎಣಿಸುವ ಮಿಲಿಸ್, ಕಾಯಿಸುವ ಡಿಲೇ ಎರಡೂ ಲಯ ತಪ್ಪುತ್ತವೆ. ಅರ್ಧ ಸೆಕೆಂಡ್ 255 ಕೊಟ್ಟು ಹೊರಡಿಸಿ, ಆಮೇಲೆ ಇಳಿಸಿ; ತಿರುಗುತ್ತಲೇ ಇರುವ ಕನಿಷ್ಠ ಬೆಲೆ ಹುಡುಕಿ, ಅದಕ್ಕಿಂತ ಕೆಳಗೆ ಕೋಡ್‌ನಲ್ಲಿ ಸೀದಾ 0 ಮಾಡಿ.

ಸದ್ದೇ ಬೇಡವಾದರೆ ನಾಲ್ಕು ವೈರಿನ ಫ್ಯಾನ್ ತನ್ನಿ, ಅದಕ್ಕೆ 12 ವೋಲ್ಟ್ ನೇರ, ವೇಗಕ್ಕೆ 25 ಕಿಲೋಹರ್ಟ್ಸ್ ಸಂಕೇತ. ಬಜರನ್ನು ಆಕ್ಟಿವ್ ಬಗೆಯದಕ್ಕೆ (ಕರೆಂಟ್ ಕೊಟ್ಟರೆ ತಾನೇ ಕೂಗುವುದು) ಬದಲಾಯಿಸಿ ಟೋನ್ ತೆಗೆದರೆ 3ನೇ ಪಿನ್ ಬಿಡುವಾಗುತ್ತದೆ. ಅದನ್ನು ಔಟ್‌ಪುಟ್ ಮಾಡಿ, ಟೈಮರ್ 2ರ ರಿಜಿಸ್ಟರುಗಳಲ್ಲಿ ಹೀಗೆ ಬರೆಯಿರಿ: ಟಿಸಿಸಿಆರ್2ಎನಲ್ಲಿ ಸಿಓಎಂ2ಬಿ1, ಡಬ್ಲ್ಯೂಜಿಎಂ20, ಟಿಸಿಸಿಆರ್2ಬಿನಲ್ಲಿ ಡಬ್ಲ್ಯೂಜಿಎಂ22, ಸಿಎಸ್21 ಬಿಟ್‌ಗಳು, ಓಸಿಆರ್2ಎ 40. ಆಮೇಲೆ ವೇಗವನ್ನು ಓಸಿಆರ್2ಬಿಗೆ 0ರಿಂದ 40ರೊಳಗೆ ಬರೆಯಿರಿ. ಅನಲಾಗ್‌ರೈಟ್ 128 ಅಂತ ಬರೆದರೆ 40ನ್ನು ಮೀರಿ ವೇಗ ಹಿಡಿತಕ್ಕೆ ಸಿಗುವುದಿಲ್ಲ. 11ರಲ್ಲಿ ಪಿಡಬ್ಲ್ಯೂಎಂ ಆಗ ಸಿಗುವುದಿಲ್ಲ. ಕೆಲವು ಫ್ಯಾನ್ 0 ಕೊಟ್ಟರೂ ನಿಲ್ಲದೆ ಮೆಲ್ಲಗೆ ತಿರುಗುತ್ತವೆ, ಅಂಥದ್ದಕ್ಕೆ 12 ವೋಲ್ಟ್ ಲೈನಿಗೆ ರಿಲೇ ಹಾಕಿ.