ಬಲ್ಬ್ ಬದಲಿಸಿದ ಮೇಲೆ ಬಲಗಡೆಯ ಹೆಡ್‌ಲೈಟ್ ಎದುರಿನವರ ಕಣ್ಣಿಗೆ ಹೊಡೆಯುತ್ತಿದೆ

ಪ್ರಶ್ನೆ (ಸುರತ್ಕಲ್):
ಹಳೆಯ ಸ್ವಿಫ್ಟ್, ಹ್ಯಾಲೋಜನ್ ದೀಪ. ಬಲಗಡೆಯ ಬಲ್ಬ್ ಹೊಸದಾಗಿ ಹಾಕಿಸಿದಂದಿನಿಂದ ಮುಲ್ಕಿ–ಕಿನ್ನಿಗೋಳಿ ರಸ್ತೆಯಲ್ಲಿ ರಾತ್ರಿ ಡಿಮ್ ಇಟ್ಟು ಹೋದರೂ ಎದುರು ಬರುವವರೆಲ್ಲ ಲೈಟ್ ಮಿನುಗಿಸುತ್ತಾರೆ. ಸ್ಕೂಟರಿನವರನ್ನು ಕಂಡರೆ ನನಗೇ ಭಯವಾಗುತ್ತದೆ. ಗ್ಯಾರೇಜಿನಲ್ಲಿ ಇಡೀ ದೀಪವನ್ನೇ ಬದಲಿಸಬೇಕೆಂದರು. ಮನೆಯಲ್ಲೇ ಸರಿಪಡಿಸಬಹುದೇ? ಅಂಗಳ ಗೇಟಿನ ಕಡೆಗೆ ಇಳಿಜಾರಾಗಿದೆ.

ಉತ್ತರ (ಮಣಿಪಾಲ):
ಖಂಡಿತ ಸರಿಪಡಿಸಬಹುದು. ಆದರೆ ದಯವಿಟ್ಟು ಮೊದಲು ಬೆಳಕಿನ ಎತ್ತರ ಹೊಂದಿಸುವ ಸ್ಕ್ರೂ ತಿರುಗಿಸಬೇಡಿ, ಬಲ್ಬ್ ನೋಡಿ. ನಿಮ್ಮದು ಎಚ್4, ಅಂದರೆ ಡಿಮ್, ಬ್ರೈಟ್ ಎರಡರ ತಂತುಗಳೂ ಒಂದೇ ಬಲ್ಬಿನಲ್ಲಿರುವ ಮಾದರಿ. ಅದರ ಲೋಹದ ಬಳೆಗೆ ಮೂರು ಕಿವಿಗಳಿವೆ, ಒಂದು ಉಳಿದೆರಡಕ್ಕಿಂತ ಅಗಲ. ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂತ ಮೇಲೆಯೇ ತಂತಿಯ ಕ್ಲಿಪ್ ಹಾಕಬೇಕು. ಡಿಮ್ ತಂತುವಿನ ಅಡಿಯಲ್ಲಿ ಸಣ್ಣ ಲೋಹದ ಬಟ್ಟಲಿದೆ. ಬೆಳಕು ಮೇಲೆ ಚೆಲ್ಲದಂತೆ ತಡೆಯುವುದು ಅದೇ. ಬಲ್ಬ್ ಸ್ವಲ್ಪ ಓರೆಯಾದರೂ ಆ ತಡೆ ಕೆಡುತ್ತದೆ. ದೀಪ ಆರಿಸಿ, ತಣ್ಣಗಾದ ಮೇಲೆ ತೆಗೆಯಿರಿ. ಗಾಜಿಗೆ ಬೆರಳು ತಾಗಬಾರದು. ಹಿಂದಿನ ರಬ್ಬರ್ ಮುಚ್ಚಳವನ್ನು ಸುತ್ತಲೂ ಒತ್ತಿ ಕೂರಿಸಿ, ಇಲ್ಲವಾದರೆ ನಮ್ಮ ಮಳೆಗಾಲದಲ್ಲಿ ಒಳಗೆಲ್ಲ ಹಬೆ ಕಟ್ಟುತ್ತದೆ.

ಆಮೇಲೆ ಗೋಡೆಯ ಪರೀಕ್ಷೆ: ಕಾರನ್ನು ಗೋಡೆಗೆ ನೇರ ಮುಖಮಾಡಿ ನಿಲ್ಲಿಸಿ, ಡಿಮ್ ಹಾಕಿ, ಬೆಳಕಿನ ಮೇಲಂಚು ಎಲ್ಲಿ ಬೀಳುತ್ತದೆಂದು ನೋಡುವುದು. ಟೈರಿನ ಗಾಳಿ ಸರಿಯಿರಲಿ, ಡಿಕ್ಕಿ ಖಾಲಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕೂತಿರಲಿ, ದೀಪದ ಎತ್ತರ ಹೊಂದಿಸುವ ಗುಂಡಿಯಿದ್ದರೆ ಅದು 0ಯಲ್ಲಿರಲಿ. ದೀಪದ ನಡುಮಧ್ಯದ ಎತ್ತರವನ್ನು ಗೋಡೆಯಲ್ಲಿ ಗುರುತಿಸಿ. ಶೇ. 1ರ ಇಳಿತವೆಂದರೆ 5 ಮೀಟರ್ ದೂರದಲ್ಲಿ ಬೆಳಕಿನ ಮೇಲಂಚು ಆ ಗುರುತಿಗಿಂತ 5 ಸೆಂ.ಮೀ. ಕೆಳಗೆ. ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದನ್ನೇ ಹಿಡಿಯಿರಿ. ಅಂಚಿನ ಎಡಭಾಗ ಮೇಲಕ್ಕೇರಿದಂತೆ ಕಂಡರೆ ಗಾಬರಿ ಬೇಡ: ನಾವು ರಸ್ತೆಯ ಎಡಬದಿಯಲ್ಲಿ ಓಡಿಸುವವರು, ಅತ್ತ ನಡೆದು ಹೋಗುವವರು ಕಾಣಲೆಂದೇ ಹಾಗೆ ಮಾಡಿರುತ್ತಾರೆ.

ಉತ್ತರ (ಕಾಪು):
ಮಳೆನೀರು ಹರಿದುಹೋಗಲೆಂದು ನಮ್ಮ ಕಡೆಯ ಅಂಗಳಗಳೆಲ್ಲ ಇಳಿಜಾರೇ. ಕಾರು ನಿಂತಲ್ಲಿಂದ ಗೋಡೆಯ ಬುಡದವರೆಗೆ ಒಂದೇ ಸಮನಾದ ಇಳಿಜಾರಿದ್ದರೆ ಅಡ್ಡಿಯಿಲ್ಲ, ಎರಡೂ ಕಡೆ ನೆಲದಿಂದಲೇ ಅಳೆಯಿರಿ. ಕಾರಿನ ಜಾಗ ಸಮತಟ್ಟಾಗಿದ್ದು ಗೋಡೆಯ ಬುಡ ಮಾತ್ರ ತಗ್ಗಿನಲ್ಲಿದ್ದರೆ ಗಾರೆಯವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪ್ ಬೇಕು. ಒಂದು ತುದಿಯ ನೀರನ್ನು ದೀಪದ ಮಧ್ಯಕ್ಕೆ ಸರಿಹೊಂದಿಸಿ, ಇನ್ನೊಂದು ತುದಿಯಲ್ಲಿ ನೀರು ನಿಂತಲ್ಲಿ ಗೋಡೆಗೆ ಗೆರೆ ಎಳೆಯಿರಿ.

ಉತ್ತರ (ಕುಂದಾಪುರ):
ದೀಪವನ್ನು ಕೈಯಿಂದ ಅಲುಗಿಸಿಯೂ ನೋಡಿ. ಗಡಗಡ ಆಡಿದರೆ ಹಿಡಿಕೆ ಮುರಿದಿದೆ. ಆಗ ಸ್ಕ್ರೂ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ, ಗ್ಯಾರೇಜಿನವರ ಮಾತೇ ಸರಿ. ಮತ್ತೆ, ಯಾರಾದರೂ ಎಲ್‌ಇಡಿ ಬಲ್ಬ್ ತುರುಕಲು ಹೇಳಿದರೆ ಒಪ್ಪಬೇಡಿ. ಆ ಪ್ರತಿಫಲಕವನ್ನು ಹ್ಯಾಲೋಜನ್ ತಂತು ಇರುವ ಜಾಗಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ.

ಪ್ರಶ್ನೆ ಕೇಳಿದವರು:
ದೀಪ ಗಟ್ಟಿಯಾಗಿಯೇ ಇದೆ. ಮುಚ್ಚಳ ತೆಗೆದು ನೋಡಿದರೆ ಬಲ್ಬಿನ ಒಂದು ಕಿವಿ ಕಚ್ಚಿನ ಹೊರಗೆ, ಅಂಚಿನ ಮೇಲೆ ಕೂತಿತ್ತು. ಕ್ಲಿಪ್ ಅದನ್ನು ಹಾಗೇ ಒತ್ತಿ ಹಿಡಿದಿತ್ತು. ಸರಿಯಾಗಿ ಕೂರಿಸಿದ ಮೇಲೆ ಗೋಡೆಯಲ್ಲಿ ಎರಡೂ ಕಡೆಯ ಅಂಚು ಒಂದೇ ಎತ್ತರಕ್ಕೆ ಬಂತು. ಸ್ಕ್ರೂ ಮುಟ್ಟಲೇ ಇಲ್ಲ. ಎಲ್ಲರಿಗೂ ಧನ್ಯವಾದ.